ಹಸಿರು ಪಟ್ಟಿಗೆ ಬೆಲೆ ಇಲ್ಲದಿದ್ದರೆ ಮಾರಿದ್ದು ಎಂತಕ್ಕೆ?

ಬೆಂಗಳೂರಿನಲ್ಲಿ ಕೆನಡಾದ ರಾಕ್ ಗಾಯಕ ಬ್ರಯಾನ್ ಆಡಮ್ಸ್ ಕಾರ್ಯಕ್ರಮ. ವೇದಿಕೆ ಎದುರು ನಿಲ್ಲಲು ದುಡ್ಡು ತೆಗೆದುಕೊಂಡು ಕೈಗೆ ಹಸಿರು ಪಟ್ಟಿ ಕಟ್ಟಿದ್ದೂ ಆಯೋಜಕರೇ, ಹಿಂದೆ ದೂಡಿದ್ದೂ ಅವರ ಕಡೆಯವರೇ. ನಿನ್ನೆ ರಾತ್ರಿಯ ಕಥೆ. ಈಗ ವಾಪಸು ಕಣ್ಣೂರು ರೈಲಿನಲ್ಲಿದ್ದೇನೆ. ಬೋಗಿಯಿಡೀ ಮಲಗಿದೆ, ನನಗೆ ನಿದ್ದೆ ಇಲ್ಲ.

ಬ್ರಯಾನ್ ಆಡಮ್ಸ್ ಅಂದರೆ ನನಗೆ ಎಂತ ಅಂತ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದಲ್ಲಿ ನನ್ನನ್ನು ಬಲ್ಲವರಿಗೆಲ್ಲ ಗೊತ್ತುಂಟು. 1993ರ 'ಸೋ ಫಾರ್ ಸೋ ಗುಡ್' ಕ್ಯಾಸೆಟನ್ನು ರೀಲು ಸುಕ್ಕಾಗುವವರೆಗೆ ಕೇಳಿದವ ನಾನು. 1959ರಲ್ಲಿ ಹುಟ್ಟಿದ ಮನುಷ್ಯ, ಗಂಟಲಿನ ಆ ಒರಟು ಇವತ್ತಿಗೂ ಹಾಗೇ ಉಂಟು ಮಾರಾಯ್ರೆ! ಮಧ್ಯಾಹ್ನದಿಂದ ಬಿಸಿಲಲ್ಲಿ ನಿಂತು ವೇದಿಕೆ ಎದುರಿನ ಕಬ್ಬಿಣದ ಬೇಲಿ ಹಿಡಿದಿದ್ದೆ. ಜಾಗ ಹೋಗುತ್ತದೆಂದು ನೀರು ಸಹ ಕುಡಿಯಲಿಲ್ಲ.

'ಸಮ್ಮರ್ ಆಫ್ ಸಿಕ್ಸ್‌ಟಿ ನೈನ್' ಹಾಡಿನ ಗಿಟಾರ್ ಶುರುವಾಯಿತು. ಸರಿಯಾಗಿ ಆಗಲೇ ಟಾರ್ಚ್ ಬಿತ್ತು. ಕೈಯ ಪಟ್ಟಿಗಲ್ಲ, ಮುಖಕ್ಕೆ. ಕಪ್ಪು ಅಂಗಿಯ ಹುಡುಗ, ನನ್ನ ಮಗನಷ್ಟು ಪ್ರಾಯ. "ಅಂಕಲ್, ಪೀಛೆ," ಹಿಂದೆ ಹೋಗಿ ಅಂತ ಹಿಂದಿಯಲ್ಲಿ. ಯಾಕೆಂದು ಕನ್ನಡದಲ್ಲಿ ಕೇಳಿದೆ. ಪುನಃ "ಪೀಛೆ." ಊರಲ್ಲಿ ಕನ್ನಡದ ಅರ್ಜಿ ನಮೂನೆಗಾಗಿ ಕಚೇರಿ ಕಚೇರಿಯಲ್ಲಿ ಜಗಳವಾಡುವವ ನಾನು, ಬೆಂಗಳೂರಿನಲ್ಲಿ ಒಂದು ಕನ್ನಡದ ಉತ್ತರ ಸಿಗಲಿಲ್ಲ. ಪಟ್ಟಿ ತೋರಿಸಿದೆ. ಅವನು ನೋಡಲೇ ಇಲ್ಲ, ಹೆಗಲಿಗೆ ಕೈ ಹಾಕಿ ದೂಡಿದ. ಅಕ್ಕಪಕ್ಕದವರು ನನ್ನನ್ನು ನೋಡಿದ ರೀತಿ! ಬೇಲಿ ಹಾರಿ ಬಂದ ಕಳ್ಳ ಅಂತಲೇ ಅಂದುಕೊಂಡಿರಬೇಕು. ಬಾಯಿಬಿಟ್ಟು "ನಾನು ದುಡ್ಡು ಕೊಟ್ಟಿದ್ದೇನೆ" ಅಂದೆ. ಅಷ್ಟು ಜನರ ಎದುರು ಹಾಗೆ ಹೇಳಬೇಕಾಯಿತಲ್ಲ. ಅದು ಸಹ ಸ್ಪೀಕರಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ನನ್ನ ಜಾಗಕ್ಕೆ ಬಂದವರು ಯಾರು? ಆಗಷ್ಟೇ ಕಾರಿಳಿದು ಬಂದ ಒಂದು ಗುಂಪು. ವೇದಿಕೆಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುತ್ತಿದ್ದರು. ಹಿಂದೆ ಕೀತ್ ಸ್ಕಾಟ್ ಗಿಟಾರ್ ನುಡಿಸುತ್ತಿದ್ದಾರೆ, ನಾಲ್ಕು ದಶಕದಿಂದ ಆಡಮ್ಸ್ ಜೊತೆಗೇ ಇರುವ ಮನುಷ್ಯ. ಆ ಗುಂಪಿನಲ್ಲಿ ಒಬ್ಬರಾದರೂ ತಿರುಗಿ ನೋಡಲಿಲ್ಲ. ನಮ್ಮ ಗದ್ದೆಯ ಬಯಲಾಟದಲ್ಲಿ ಮುಂದೆ ಚಾಪೆ ಹಾಸಿ ಕೂತ ಮಕ್ಕಳನ್ನು ಆಟದ ನಡುವೆ ಎಬ್ಬಿಸಿದರೆ ಊರವರು ಬಿಡುತ್ತಾರಾ?

ಮೂರೂವರೆ ನಿಮಿಷದ ಹಾಡದು. ನಾನು ತಲೆ ಎತ್ತುವಾಗ ಮುಗಿದಿತ್ತು. ಉಳಿದದ್ದನ್ನೆಲ್ಲ ಸೌಂಡಿನವರ ಕಂಬದ ಹಿಂದಿನಿಂದ, ಪರದೆಯಲ್ಲಿ ಕಂಡೆ. ಪರದೆಯಲ್ಲಿ ನೋಡುವುದಕ್ಕೆ ಘಾಟಿ ಹತ್ತಿ ಬರಬೇಕಿತ್ತಾ?

ಹೋಗಲಿ, ಕೇಳಿದ್ದಂತೂ ಕೇಳಿದೆ, ಅವರ ದನಿ ನಿಜವಾಗಿ ಕಿವಿಗೆ ಬಿತ್ತು, ಸಾಕು ಅಂತ ಹೊದ್ದು ಮಲಗುತ್ತೇನೆ. ಐದು ನಿಮಿಷಕ್ಕೆ ಹೆಗಲ ಮೇಲಿನ ಆ ಕೈ ನೆನಪಾಗಿ ಪುನಃ ಎದ್ದು ಕೂರುತ್ತೇನೆ. ಆಯೋಜಕರಿಗೆ ಬರೆದೆ. "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಅಂತ ಯಂತ್ರದ ಉತ್ತರ ಬಂತು. ನನಗೆ ದುಡ್ಡು ವಾಪಸು ಬೇಡ. ಇಂಥಾ ಪಟ್ಟಿಯವರನ್ನು ಹಿಂದೆ ದೂಡಿ ಅಂತ ಆ ಹುಡುಗನಿಗೆ ಹೇಳಿಕೊಟ್ಟದ್ದು ಯಾರು? ಅಲ್ಲಿ ಕೆಲಸಕ್ಕಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ಅದೊಂದನ್ನು ಹೇಳಿ. ಹೆಸರು ಬೇಡ, ಯಾಕೆಂದು ಹೇಳಿದರೆ ಸಾಕು.