ಅರ್ಜಿಯಲ್ಲಿ ಆ ಕಾಲಂ ಇಲ್ಲ

ಕೆಲವು ವರ್ಷಗಳ ಹಿಂದಿನ ಮಾತು. ಬಡ್ತಿ ಸಮಿತಿಯಲ್ಲಿ ಕೂತಿದ್ದೆ. ಎಲ್ಲಿ, ಯಾರು ಅಂತ ಕೇಳಬೇಡಿ, ಹೇಳಲ್ಲ. ಮುಂದೆ ನಾಲ್ಕು ಫೈಲು. ಮೂರು ಬೇಗ ಮುಗಿದವು. ನಾಲ್ಕನೆಯದು ಇತಿಹಾಸ ವಿಭಾಗದ ಮೇಡಂ ಒಬ್ಬರದು. 9 ವರ್ಷಕ್ಕೆ ಒಂದು ಪುಸ್ತಕ, ನಾಲ್ಕು ಲೇಖನ. ನನ್ನ ಪಕ್ಕದಲ್ಲಿದ್ದ ಎಂಜಿನಿಯರಿಂಗ್ ಪ್ರೊಫೆಸರ್ ಹಾಳೆ ಮುಂದಕ್ಕೆ ತಿರುವಿದರು, ಹಿಂದಕ್ಕೆ ತಿರುವಿದರು. ಆಮೇಲೆ, "ಅಲ್ಲ, ಇವರು ಒಂಬತ್ತು ವರ್ಷ ಏನು ಮಾಡ್ತಿದ್ರು?" ಅಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಪಾಪ. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಪುಸ್ತಕ ಮೇಜಿನ ಮೇಲೇ ಇತ್ತು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಬಿಚ್ಚಿರಲಿಲ್ಲ. ನಾನೂ ಬಿಚ್ಚಿರಲಿಲ್ಲ. ಫೈಲನ್ನು ಮುಂದಿನ ಸಭೆಗೆ ಇಟ್ಟುಕೊಂಡು ಎದ್ದೆವು.

ನಾನು ರಸಾಯನಶಾಸ್ತ್ರದ ಮೇಷ್ಟ್ರು. ಈ ಎಣಿಕೆಯ ಆಟದಲ್ಲಿ ಗೆದ್ದವನು. ನನ್ನ ಹೆಸರಲ್ಲಿ 140ಕ್ಕೂ ಜಾಸ್ತಿ ಲೇಖನಗಳಿವೆ. ಕೇಳಿದವರು ಅಬ್ಬಾ ಅನ್ನುತ್ತಾರೆ. ನಿಜ ಹೇಳಲಾ? ನಾನು ಕೈಯಾರೆ ಫ್ಲಾಸ್ಕ್ ಹಿಡಿದು ಹನ್ನೊಂದು ವರ್ಷ ಆಯಿತು. ಬೆಳಿಗ್ಗೆ ಅನುದಾನದ ಅರ್ಜಿ ತಿದ್ದುತ್ತೇನೆ. ಆಮೇಲೆ ತರಗತಿ. ಅದು ಮುಗಿಯುವಷ್ಟರಲ್ಲಿ ವ್ಯಾಕ್ಯೂಮ್ ಪಂಪ್ ಕೆಟ್ಟಿದೆ ಅಂತ ಒಬ್ಬ ಹುಡುಗ ಬಾಗಿಲಲ್ಲಿ ನಿಂತಿರುತ್ತಾನೆ, ಕೈಯಲ್ಲಿ ಖರೀದಿ ಫಾರ್ಮ್. ಸಂಜೆ ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಯಂತ್ರದ ಸರದಿಗೆ ಇಬ್ಬರ ಜಗಳ ಬಿಡಿಸಬೇಕು. ಪ್ರಯೋಗ ಮಾಡುವವರು ಪಿಎಚ್‌ಡಿ ಮಕ್ಕಳು, ಪಿಎಚ್‌ಡಿ ಮುಗಿಸಿ ಬಂದ ಪೋಸ್ಟ್‌ಡಾಕ್‌ಗಳು. ಲೇಖನದಲ್ಲಿ ಮೊದಲ ಹೆಸರು ನಿದ್ದೆಗೆಟ್ಟವರದು, ಕೊನೆಯ ಹೆಸರು ಲ್ಯಾಬ್ ನಡೆಸುವವರದು. ನಮ್ಮಲ್ಲಿ ಅದೇ ರೂಢಿ. ಎಂಟು ಜನ ಎಂಟು ಲೇಖನ ಬರೆದರೆ ಎಂಟರಲ್ಲೂ ಕೊನೆಗೆ ನಾನಿರುತ್ತೇನೆ. ಅಪರೂಪಕ್ಕೆ ಲ್ಯಾಬ್ ಒಳಗೆ ಕಾಲಿಟ್ಟರೆ ಹುಡುಗರು ಗಾಬರಿಯಾಗಿ, "ಸರ್, ಏನಾದ್ರೂ ಬೇಕಿತ್ತಾ?" ಅಂತ ಕೇಳುತ್ತಾರೆ.

ಹಾಗಂತ ನಾನು ಸುಮ್ನೆ ಕೂತಿದ್ದೇನೆ ಅಂತಲ್ಲ. ಹಣ ತರುವುದು, ಏನನ್ನು ಹುಡುಕಬೇಕು ಅಂತ ತೀರ್ಮಾನಿಸುವುದು, ಹುಡುಗರು ತಂದ ಗ್ರಾಫ್ ನೋಡಿ "ಇದು ಕೊಳೆ ಕಣಪ್ಪಾ, ಹೊಸ ವಸ್ತು ಅಲ್ಲ" ಅನ್ನುವುದು, ಇದೆಲ್ಲ ಕೆಲಸವೇ. ಆದರೆ ಒಬ್ಬರೇ ಕೂತು ಒಂಬತ್ತು ವರ್ಷ ಮಾಡುವ ಕೆಲಸಕ್ಕೂ ಇದಕ್ಕೂ ಒಂದೇ ಅಳತೆಗೋಲು ಹಿಡಿದರೆ ಹೇಗೆ?

ಹೆಸರಿನ ವಿಷಯವನ್ನೇ ನೋಡಿ. ಗಣಿತದಲ್ಲಿ ಲೇಖಕರ ಹೆಸರುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಹಾಕುತ್ತಾರೆ. ಯಾರು ಜಾಸ್ತಿ ಮಾಡಿದರು, ಯಾರು ಕಡಿಮೆ ಅನ್ನುವ ಲೆಕ್ಕ ಅಲ್ಲಿಲ್ಲ. ಇದು ಗೊತ್ತಿಲ್ಲದ ಒಬ್ಬರು ಇನ್ನೊಂದು ಸಮಿತಿಯಲ್ಲಿ, "ಇವರು ಒಂದು ಲೇಖನದಲ್ಲೂ ಮೊದಲ ಲೇಖಕರಲ್ಲ" ಅಂತ ಟಿಪ್ಪಣಿ ಬರೆದಿದ್ದರು. ಆ ಗಣಿತದ ಮೇಷ್ಟ್ರ ಹೆಸರು ಇಂಗ್ಲಿಷಿನ ವೈ ಅಕ್ಷರದಿಂದ ಶುರುವಾಗುತ್ತಿತ್ತು. ಹೆಸರು ಬದಲಾಯಿಸಿಕೊಳ್ಳುವುದು ಬಿಟ್ಟರೆ ಅವರಿಗೆ ಬೇರೆ ದಾರಿಯೇ ಇರಲಿಲ್ಲ. ಇತ್ತ ಕಣ ಭೌತಶಾಸ್ತ್ರದಲ್ಲಿ ಇನ್ನೊಂದು ತಮಾಷೆ. ಹಿಗ್ಸ್ ಕಣದ ತೂಕದ ಬಗ್ಗೆ ಯುರೋಪಿನ ದೊಡ್ಡ ಪ್ರಯೋಗಾಲಯ ಸರ್ನ್‌ನ ಎರಡು ತಂಡಗಳು ಸೇರಿ 2015ರಲ್ಲಿ ಪ್ರಕಟಿಸಿದ ಲೇಖನಕ್ಕೆ 5,154 ಲೇಖಕರು. 33 ಪುಟಗಳಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳ ಪಟ್ಟಿ. ಆ ಐದು ಸಾವಿರದಲ್ಲಿ ಒಬ್ಬೊಬ್ಬರ ಅರ್ಜಿಯಲ್ಲೂ ಅದು "1" ಲೇಖನ. ಒಬ್ಬರೇ ಬರೆದ ಇತಿಹಾಸದ ಲೇಖನವೂ "1".

ಕಂಪ್ಯೂಟರ್ ವಿಜ್ಞಾನದವರ ಲೋಕವೇ ಬೇರೆ. ಅಲ್ಲಿ ಪತ್ರಿಕೆಗಿಂತ ಸಮ್ಮೇಳನ ದೊಡ್ಡದು. ವರ್ಷಕ್ಕೆ ಮೂರ್ನಾಲ್ಕು ಗಡುವು. ಗಡುವಿನ ಹೊತ್ತನ್ನು "ಭೂಮಿಯ ಮೇಲೆ ಎಲ್ಲಾದರೂ" ಅಂತ ಕೊಟ್ಟಿರುತ್ತಾರೆ. ಅಂದರೆ, ಜಗತ್ತಿನ ಯಾವುದೋ ಒಂದು ಮೂಲೆಯಲ್ಲಿ ಆ ತಾರೀಖು ಇನ್ನೂ ಉಳಿದಿದ್ದರೆ ನಿಮಗೂ ಟೈಮ್ ಇದೆ ಅಂತ ಅರ್ಥ. ಗಡುವಿನ ಮಾರನೇ ದಿನ ಆ ವಿಭಾಗದ ಕಾರಿಡಾರಿನಲ್ಲಿ ಓಡಾಡಿ ನೋಡಿ, ಎಲ್ಲರೂ ಜ್ವರ ಬಿಟ್ಟು ಎದ್ದವರ ಹಾಗಿರುತ್ತಾರೆ. ಕಾನೂನಿನವರದು ಇನ್ನೂ ಮಜಾ. ಅಮೆರಿಕದಲ್ಲಿ ಹೆಚ್ಚಿನ ಕಾನೂನು ಪತ್ರಿಕೆಗಳ ಸಂಪಾದಕರು ವಿದ್ಯಾರ್ಥಿಗಳು. ಪ್ರೊಫೆಸರ್ ಲೇಖನ ಪಾಸಾ ಫೇಲಾ ಅನ್ನುವುದನ್ನು ಹುಡುಗರು ಹೇಳುತ್ತಾರೆ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ನಾನು ಹೇಳಿಲ್ಲ.

ಇವೆಲ್ಲ ಕೊನೆಗೆ ಒಂದು ಅಂಕಿಯಾಗುತ್ತವೆ. ಹೆಚ್-ಇಂಡೆಕ್ಸ್ ಅಂತ. ಹೋರ್ಹೆ ಹಿರ್ಷ್ ಅನ್ನುವ ಭೌತವಿಜ್ಞಾನಿ 2005ರಲ್ಲಿ ಇದನ್ನು ಕೊಟ್ಟರು. ನಿಮ್ಮ 20 ಲೇಖನಗಳನ್ನು ಬೇರೆಯವರು ತಲಾ 20 ಸಲವಾದರೂ ಉಲ್ಲೇಖಿಸಿದ್ದರೆ ನಿಮ್ಮ ಅಂಕಿ 20. ಸರಳವಾಗಿದೆ, ಅದಕ್ಕೇ ಎಲ್ಲರಿಗೂ ಇಷ್ಟ. ಜೀವವಿಜ್ಞಾನದವರಿಗೆ ಈ ಅಂಕಿ ಭೌತಶಾಸ್ತ್ರದವರಿಗಿಂತ ಜಾಸ್ತಿ ಬರುತ್ತದೆ ಅಂತ ಹಿರ್ಷ್ ಅದೇ ಲೇಖನದಲ್ಲಿ ಬರೆದಿದ್ದರು. ಅಂಕಿ ಊರೆಲ್ಲ ಓಡಾಡಿತು. ಆ ಎಚ್ಚರಿಕೆ ಮಾತ್ರ ಲೇಖನದಲ್ಲೇ ಉಳಿಯಿತು.

ನನಗೆ ಜಾಸ್ತಿ ಕಾಡುವುದು ಸಮಯದ ವಿಷಯ. ಒಂದೊಂದು ವಿಷಯಕ್ಕೆ ಒಂದೊಂದು ಗಡಿಯಾರ ಇರುತ್ತದೆ. ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿ 1973ರಲ್ಲಿ ಗಲಪಗೋಸ್‌ನ ಡ್ಯಾಫ್ನೆ ಮೇಜರ್ ಅನ್ನುವ ಪುಟ್ಟ ದ್ವೀಪಕ್ಕೆ ಹೋದರು. ಅಲ್ಲಿನ ಫಿಂಚ್ ಹಕ್ಕಿಗಳ ಕೊಕ್ಕು ಅಳೆಯುವುದು ಕೆಲಸ. 1977ರಲ್ಲಿ ಬರ ಬಂತು. ಚಿಕ್ಕ ಬೀಜ ಮುಗಿದು ಗಟ್ಟಿ ಬೀಜ ಉಳಿದವು. ದೊಡ್ಡ ಕೊಕ್ಕಿನ ಹಕ್ಕಿಗಳು ಬದುಕಿದವು, ಮುಂದಿನ ಪೀಳಿಗೆಯ ಕೊಕ್ಕೇ ದೊಡ್ಡದಾಯಿತು. ವಿಕಾಸ ಕಣ್ಣೆದುರೇ ನಡೆದಿತ್ತು. ಆ ಬರ ಬರುವ ಮುಂಚೆಯೇ, ಅಂದರೆ ಮೂರನೇ ವರ್ಷಕ್ಕೇ, ನಮ್ಮಂಥ ಸಮಿತಿ ಕೂತು "ಎಲ್ಲಿ ನಿಮ್ಮ ಫಲಿತಾಂಶ?" ಅಂತ ಕೇಳಿದ್ದರೆ? ಅವರು ನಲವತ್ತು ವರ್ಷ ಆ ದ್ವೀಪಕ್ಕೆ ಹೋಗಿ ಬಂದರು.

ಇನ್ನೊಂದು ಕತೆ ನನಗೆ ತುಂಬಾ ಇಷ್ಟ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ ಅನ್ನುವ ಪ್ರೊಫೆಸರ್ 1927ರಲ್ಲಿ ಒಂದು ಗಾಜಿನ ಫನೆಲ್‌ಗೆ ಬಿಸಿ ಪಿಚ್ ತುಂಬಿದರು. ಡಾಂಬರಿನಂಥ ಕಪ್ಪು ವಸ್ತು ಅದು. ಸುತ್ತಿಗೆಯಲ್ಲಿ ಹೊಡೆದರೆ ಗಾಜಿನ ಹಾಗೆ ಪುಡಿಯಾಗುತ್ತದೆ. ಆದರೂ ಅದು ದ್ರವ, ನಿಧಾನಕ್ಕೆ ಹರಿಯುತ್ತದೆ ಅಂತ ವಿದ್ಯಾರ್ಥಿಗಳಿಗೆ ತೋರಿಸಬೇಕಿತ್ತು, ಅಷ್ಟೆ. 1930ರಲ್ಲಿ ಫನೆಲ್‌ನ ತುದಿ ಕತ್ತರಿಸಿದರು. ಅಲ್ಲಿಂದ 2014ರವರೆಗೆ ಬಿದ್ದದ್ದು ಒಂಬತ್ತು ಹನಿ. ಪಾರ್ನೆಲ್ ನಂತರ ಜಾನ್ ಮೇನ್‌ಸ್ಟೋನ್ ಅನ್ನುವವರು 1961ರಿಂದ ಅದನ್ನು ನೋಡಿಕೊಂಡರು. 1988ರಲ್ಲಿ ಹನಿ ಇನ್ನೇನು ಬೀಳುತ್ತದೆ ಅಂತ ಕಾದಿದ್ದವರು ಏನೋ ಕುಡಿದು ಬರೋಣ ಅಂತ ಎದ್ದು ಹೋದರು. ಬರುವಷ್ಟರಲ್ಲಿ ಬಿದ್ದಾಗಿತ್ತು. 2000ದಲ್ಲಿ ಕ್ಯಾಮೆರಾ ಇಟ್ಟರು, ಅದು ಸರಿಯಾದ ಹೊತ್ತಿಗೆ ಕೈಕೊಟ್ಟಿತು. 2013ರಲ್ಲಿ ಮೇನ್‌ಸ್ಟೋನ್ ತೀರಿಕೊಂಡರು, ಒಂದು ಹನಿ ಬೀಳುವುದನ್ನೂ ಕಣ್ಣಾರೆ ನೋಡದೆ. ಮುಂದಿನ ಹನಿ ಎಂಟು ತಿಂಗಳಲ್ಲಿ ಬಿತ್ತು. ಇದನ್ನು ಯಾವ ಕಾಲಂನಲ್ಲಿ ತುಂಬುತ್ತೀರಿ? ಸಂಶೋಧನೆಯಾ, ಪಾಠವಾ?

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತೂ ಹೇಳಬೇಕು, ಇಲ್ಲದಿದ್ದರೆ ಮೋಸ. ನಿಧಾನ ಅನ್ನುವುದರ ಹಿಂದೆ ಅಡಗಿಕೊಳ್ಳುವವರೂ ಇದ್ದಾರೆ. ನಾನು ಕೆಲಸಕ್ಕೆ ಸೇರಿದ ದಿನದಿಂದ ಒಬ್ಬರು "ಪುಸ್ತಕ ಬರೀತಿದೀನಿ" ಅನ್ನುತ್ತಿದ್ದರು. ನಿವೃತ್ತಿಯ ದಿನವೂ ಅದನ್ನೇ ಹೇಳಿ ಹಾರ ಹಾಕಿಸಿಕೊಂಡು ಹೋದರು. ಎಣಿಕೆ ಇಲ್ಲದಿದ್ದ ಕಾಲ ಚೆನ್ನಾಗಿತ್ತು ಅನ್ನುವವರ ಮಾತನ್ನೂ ನಾನು ಒಪ್ಪಲ್ಲ. ಆಗ ಯಾರ ಶಿಷ್ಯ, ಯಾರ ಕಡೆಯವನು ಅನ್ನುವುದೇ ಯೋಗ್ಯತೆ ಆಗಿತ್ತು. ಅಂಕಿಗೆ ಕನಿಷ್ಠ ಮುಖ ನೋಡಿ ಮಣೆ ಹಾಕುವ ಬುದ್ಧಿ ಇಲ್ಲ.

ಸಂಶೋಧನೆಯನ್ನು ತಪ್ಪಾಗಿಯಾದರೂ ಎಣಿಸುತ್ತೇವೆ. ಪಾಠದ ಗತಿ ಏನು? ಅರ್ಜಿಯಲ್ಲಿ ಅದಕ್ಕೆ ಒಂದೇ ಸಾಲು: ವಾರಕ್ಕೆ ಎಷ್ಟು ಗಂಟೆ. ಹೋದ ವರ್ಷ ಮೊದಲ ವರ್ಷದವರಿಗೆ ನೀರಿನ ಅಣು ಹೇಳುತ್ತಿದ್ದೆ. ಬಂಧ ಕೋನ 104.5 ಡಿಗ್ರಿ ಅಂತ ಬೋರ್ಡಿನ ಮೇಲೆ ಬರೆದೆ. ಎಷ್ಟು ವರ್ಷದಿಂದ ಬರೆಯುತ್ತಿದ್ದೇನೋ ಲೆಕ್ಕವಿಲ್ಲ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಸರ್, ಅಷ್ಟು ಚಿಕ್ಕದನ್ನ ಅಳೆದಿದ್ದು ಹೇಗೆ?" ಅಂದಳು. ಬಾಯಿಗೆ ಬಂದ ಏನೋ ಒಂದು ಉತ್ತರ ಕೊಟ್ಟೆ. ಅವಳು ಕೂತಳು, ಆದರೆ ಮುಖದಲ್ಲಿ ಸಮಾಧಾನ ಇರಲಿಲ್ಲ. ನನಗೂ ಇರಲಿಲ್ಲ. ನೀರಾವಿ ಹೀರಿಕೊಳ್ಳುವ ಬೆಳಕಿನ ಗೆರೆಗಳಿಂದ ಆ ಕೋನವನ್ನು ಹೇಗೆ ಹೊರಗೆ ತೆಗೆಯುತ್ತಾರೆ ಅಂತ ಮೊದಲ ವರ್ಷದವರಿಗೆ ಅರ್ಥವಾಗುವ ಹಾಗೆ ಹೇಳಲು ನನಗೆ ಪೂರ್ತಿ ಒಂದು ಭಾನುವಾರ ಬೇಕಾಯಿತು. ಸೋಮವಾರ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದೆ. ಆ ಭಾನುವಾರ ಎಲ್ಲೂ ದಾಖಲಾಗಿಲ್ಲ. ಅದೇ ಭಾನುವಾರ ಒಂದು ಅನುದಾನದ ಅರ್ಜಿ ಬರೆದಿದ್ದರೆ ನನಗೆ ಲಾಭ ಇತ್ತು.

ಒಳ್ಳೆಯ ಸಂಶೋಧಕ ತಾನಾಗಿಯೇ ಒಳ್ಳೆಯ ಮೇಷ್ಟ್ರಾಗುತ್ತಾನೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಜಾನ್ ಹ್ಯಾಟಿ ಮತ್ತು ಹರ್ಬರ್ಟ್ ಮಾರ್ಷ್ ಅನ್ನುವ ಶಿಕ್ಷಣ ಸಂಶೋಧಕರು 1996ರಲ್ಲಿ 58 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದರು. ಎರಡಕ್ಕೂ ಇರುವ ನಂಟು ಹೆಚ್ಚು ಕಡಿಮೆ ಸೊನ್ನೆ. ಅಂದರೆ ಒಂದನ್ನು ಎಣಿಸಿದರೆ ಇನ್ನೊಂದನ್ನೂ ಎಣಿಸಿದ ಹಾಗಾಗುವುದಿಲ್ಲ.

ಹಾಗಂತ ಪಾಠ ಬೇರೆ, ಸಂಶೋಧನೆ ಬೇರೆ ಮಾಡಿಬಿಡೋಣ ಅಂದರೆ ಅದಕ್ಕೂ ಮನಸ್ಸು ಒಪ್ಪಲ್ಲ. ರಿಚರ್ಡ್ ಡೆಡೆಕಿಂಡ್ ಅನ್ನುವ ಗಣಿತಜ್ಞ 1858ರಲ್ಲಿ ಜ್ಯೂರಿಕ್‌ನಲ್ಲಿ ಕಲನಶಾಸ್ತ್ರದ ಪಾಠಕ್ಕೆ ತಯಾರಿ ಮಾಡುತ್ತಿದ್ದರು. ಸಂಖ್ಯೆಗಳು ಸಾಲಾಗಿ ಬಿರುಕಿಲ್ಲದೆ ನಿಂತಿವೆ ಅಂತ ಹೇಳಬೇಕಾದ ಜಾಗ ಬಂದಾಗ ಚಿತ್ರ ಬರೆದು ಜಾರಿಕೊಳ್ಳುವುದು ಅವರಿಗೆ ನಾಚಿಕೆ ಅನ್ನಿಸಿತು. ಆ ನಾಚಿಕೆಯಿಂದ ಹುಟ್ಟಿದ್ದನ್ನು ಇವತ್ತು ಗಣಿತದವರೆಲ್ಲ ಡೆಡೆಕಿಂಡ್ ಕಟ್ ಅಂತ ಓದುತ್ತಾರೆ. ಅವರು ಅದನ್ನು ಪ್ರಕಟಿಸಿದ್ದು 1872ರಲ್ಲಿ. 14 ವರ್ಷ! ನಮ್ಮ ರಸಾಯನಶಾಸ್ತ್ರದವರೇ ಆದ ಮೆಂಡಲೀವ್ 1869ರಲ್ಲಿ ಮೂಲವಸ್ತುಗಳನ್ನು ಕೋಷ್ಟಕದಲ್ಲಿ ಜೋಡಿಸಿದಾಗ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಬರೆಯುತ್ತಾ ಕೂತಿದ್ದರು. ಮುಂದಿನ ಅಧ್ಯಾಯಗಳಿಗೆ ಮೂಲವಸ್ತುಗಳನ್ನು ಯಾವ ಕ್ರಮದಲ್ಲಿ ಇಡುವುದು ಅನ್ನುವುದೇ ಅವರ ತಲೆನೋವು.

ಸರಿ, ಇತಿಹಾಸದ ಮೇಡಂ ವಿಷಯಕ್ಕೆ ಬರೋಣ. ಆ ಸಂಜೆ ಪುಸ್ತಕ ಮನೆಗೆ ತಂದು ಪ್ಲಾಸ್ಟಿಕ್ ಬಿಚ್ಚಿದೆ. ಹಳೆಯ ವ್ಯಾಪಾರಿ ಮನೆತನಗಳ ಲೆಕ್ಕದ ಪುಸ್ತಕಗಳ ಬಗ್ಗೆ ಬರೆದಿದ್ದರು. ಮೊದಲ ಅಧ್ಯಾಯದಲ್ಲೇ ಸಿಕ್ಕಿಹಾಕಿಕೊಂಡೆ. ಪತ್ರಾಗಾರದ ಒಳಗೆ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಹಾಗೆ ಪೆನ್ಸಿಲ್‌ನಲ್ಲಿ ನಕಲು ಮಾಡಿಕೊಂಡ ಸಾವಿರಾರು ಸಾಲು. ಮಾಸಿಹೋದ ಒಂದು ಪದ ಓದಲು ಎರಡು ದಿನ ಹಿಡಿದದ್ದೂ ಇದೆಯಂತೆ.

ಪುಸ್ತಕದ ನಡುವೆ ಎಲ್ಲೋ ಒಂದು ಅಡಿಟಿಪ್ಪಣಿ ಇತ್ತು. ಮೇಡಂ ಒಂದು ದಿನ ಎರಡನೇ ವರ್ಷದ ತರಗತಿಗೆ ಆ ಲೆಕ್ಕದ ಪುಟದ ಫೋಟೊ ತೋರಿಸಿದ್ದಾರೆ. ಒಬ್ಬ ವಿದ್ಯಾರ್ಥಿ, "ಮೇಡಂ, ಇದನ್ನ ಬರೆದಿದ್ದು ಯಜಮಾನನಾ, ಗುಮಾಸ್ತನಾ?" ಅಂತ ಕೇಳಿದ್ದಾನೆ. ಅಲ್ಲಿಯವರೆಗೆ ಅವರು ಎಲ್ಲವನ್ನೂ ಯಜಮಾನನ ಮಾತು ಅಂತಲೇ ಓದಿದ್ದರು. ಮತ್ತೆ ಮೊದಲಿಂದ ಶುರು ಮಾಡಿದರು. ಕೈಬರಹ ಹೋಲಿಸಿ, ಯಾವ ಸಾಲು ಯಾರ ಕೈಯದು ಅಂತ ಬೇರೆ ಮಾಡಿದರು. ಅದಕ್ಕೆ ಎರಡು ವರ್ಷ. ಬರೆದ ಅಧ್ಯಾಯಗಳಲ್ಲಿ ಎರಡನ್ನು ಹರಿದು ಹಾಕಿದರು. ಹೆಚ್ಚಿನ ಪುಟಗಳು ಗುಮಾಸ್ತರದು ಅಂತ ಗೊತ್ತಾಯಿತು. ಹೊರಗಡೆ ಹೆಸರು ಮಾತ್ರ ಯಜಮಾನನದು.

ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ 140 ಲೇಖನಗಳು ನೆನಪಾದವು.

ಮುಂದಿನ ಸಭೆಗೆ ಪುಸ್ತಕ ತಗೊಂಡು ಹೋದೆ. ಆ ಅಡಿಟಿಪ್ಪಣಿಯನ್ನು ಜೋರಾಗಿ ಓದಿದೆ. ಮೇಡಂಗೆ ಆ ಸಲ ಬಡ್ತಿ ಸಿಗಲಿಲ್ಲ, ಅಂಕಗಳು ಎರಡು ಕಡಿಮೆ ಬಿದ್ದವು. ಮುಂದಿನ ವರ್ಷ ಸಿಕ್ಕಿತು. ಎಂಜಿನಿಯರಿಂಗ್ ಪ್ರೊಫೆಸರ್ ಮಾತ್ರ ಅವತ್ತು ಹೊರಡುವಾಗ, "ಎರಡು ದಿನ ನನಗೆ ಕೊಡಿ, ನೋಡಿ ಕೊಡ್ತೀನಿ" ಅಂತ ಪುಸ್ತಕ ತಗೊಂಡರು. ಇನ್ನೂ ವಾಪಸ್ ಕೊಟ್ಟಿಲ್ಲ.