ಮುದ್ದೆ ಅಗಿಯುವ ಗಂಡಸು

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಬೆರಳಲ್ಲೇ ಸಣ್ಣ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ, ನುಂಗುವುದು. ಹಲ್ಲಿಗೆ ಅಲ್ಲಿ ಕೆಲಸವೇ ಇಲ್ಲ. ಮದ್ದೂರು, ಮಂಡ್ಯದ ಕಡೆ ಯಾರಾದರೂ ಮುದ್ದೆ ಅಗಿಯುತ್ತಾ ಕೂತರೆ ಸಣ್ಣ ಮಕ್ಕಳೂ ನಗುತ್ತವೆ. ಪರಸ್ಥಳದವರು ಅಂತ ಗೊತ್ತಾಗಿಬಿಡುತ್ತದೆ.

ನಾನು ನುಂಗುವುದರಲ್ಲಿ ಒಂದು ಕಾಲಕ್ಕೆ ಹೆಸರು ಮಾಡಿದವನು. ಪಕ್ಕದೂರಿನ ಹಬ್ಬದಲ್ಲಿ ಮುದ್ದೆ ನುಂಗುವ ಸ್ಪರ್ಧೆ ಇಟ್ಟಿದ್ದರು. ನನಗೆ ಎರಡನೇ ಬಹುಮಾನ, ಒಂದು ಸ್ಟೀಲ್ ಬಿಂದಿಗೆ. ಮೊದಲನೆಯವನಿಗೆ ಟಗರು ಕೊಟ್ಟರು. ಅರ್ಧ ಮುದ್ದೆಯಲ್ಲಿ ಟಗರು ಕೈತಪ್ಪಿದ ದುಃಖ ನನಗೆ ಬಹಳ ವರ್ಷ ಇತ್ತು.

ಅಂಥವನ ಮುಂದೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಡಯಟಿಷಿಯನ್ ಹುಡುಗಿ ಒಂದು ಕಾಗದ ಇಟ್ಟಳು. "ಇನ್ನ ಮ್ಯಾಲೆ ಏನ ತಿಂದರೂ ಒಂದೊಂದು ತುತ್ತು ಇಪ್ಪತ್ತೈದು ಮೂವತ್ತು ಸಲ ಅಗೀಬೇಕ್ರಿ ಸರ್" ಅಂದಳು. ಧಾರವಾಡದ ಕಡೆಯವಳು.

"ಮುದ್ದೆ?" ಅಂದೆ.

"ಮುದ್ದೀನೂ ಅಷ್ಟ ರೀ."

ರೊಟ್ಟಿ ಸೀಮೆಯವರಿಗೆ ಇದೆಲ್ಲ ಸುಲಭ. ಕಟಕ್ ರೊಟ್ಟಿ ಅಗಿದು ಅಗಿದು ಅವರ ದವಡೆ ಗಟ್ಟಿಯಾಗಿರುತ್ತದೆ. ನಮ್ಮದು ಗಂಟಲನ್ನು ನಂಬಿಕೊಂಡ ಜಿಲ್ಲೆ.

ಆಗ ನನ್ನ ತೂಕ 128 ಕೆಜಿ. ಶುಗರ್ ಇತ್ತು, ಬಿಪಿ ಇತ್ತು. ರಾತ್ರಿ ಗೊರಕೆ ಮಧ್ಯೆ ಉಸಿರೇ ನಿಂತು ಹೋಗುತ್ತಿತ್ತು. ಹೆಂಡತಿ ಎಚ್ಚರ ಕೂತು, ಮುಂದಿನ ಉಸಿರು ಬರುತ್ತೋ ಇಲ್ಲವೋ ಅಂತ ಎಣಿಸುತ್ತಿದ್ದಳು. ವಾಕಿಂಗ್, ಜೀರಿಗೆ ನೀರು, ರಾತ್ರಿ ಊಟ ಬಿಡುವುದು, ಎಲ್ಲ ಆಯ್ತು. ಹತ್ತು ಕೆಜಿ ಇಳಿದರೆ ಹನ್ನೆರಡು ಕೆಜಿ ವಾಪಸ್ ಬರುತ್ತಿತ್ತು. ಕೊನೆಗೆ ಡಾಕ್ಟರು ಸ್ಲೀವ್ ಆಪರೇಷನ್ ಅಂದರು. ಸ್ಲೀವ್ ಅಂದರೆ ಅಂಗಿಯ ತೋಳು. ಚೀಲದ ಹಾಗಿರುವ ಜಠರದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಕತ್ತರಿಸಿ ತೆಗೆದು, ಉಳಿದದ್ದನ್ನು ಉದ್ದಕ್ಕೆ ಪಿನ್ ಹೊಡೆದು, ತೋಳಿನ ಹಾಗೆ ಮಾಡುತ್ತಾರೆ. ಹೊಟ್ಟೆ ಪೂರ್ತಿ ಕುಯ್ಯುವುದಿಲ್ಲ, ನಾಲ್ಕೈದು ತೂತು ಅಷ್ಟೆ.

"ಉಳಿಯೋದು ಒಂದು ಬಾಳೆಹಣ್ಣಿನಷ್ಟು" ಅಂದರು ಡಾಕ್ಟರು.

ಪಕ್ಕದಲ್ಲಿ ಕೂತಿದ್ದ ಅವ್ವ ಅಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ. ಈಗ ಕೇಳಿದಳು. "ಏಲಕ್ಕಿ ಬಾಳೆನೋ, ಪಚ್ಚಬಾಳೆನೋ ಸ್ವಾಮಿ?"

ಅವರ ಅಷ್ಟು ವರ್ಷದ ವೈದ್ಯಕೀಯದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಕ್ಕಿಲ್ಲ. ಅವರು ನಕ್ಕು, "ಪಚ್ಚಬಾಳೆ ಅಂತ ಇಟ್ಕೊಳಿ ಅಜ್ಜಿ" ಅಂದರು. ಅವ್ವನಿಗೆ ಸ್ವಲ್ಪ ಸಮಾಧಾನ ಆಯ್ತು. ನನಗೆ ಆಗಲಿಲ್ಲ. ನೂರು, ನೂರೈವತ್ತು ಎಂಎಲ್ ಹಿಡಿಯುತ್ತದೆ ಅಂತ ಮೊದಲೇ ಓದಿಕೊಂಡಿದ್ದೆ. ಅಂದರೆ ಹೋಟೆಲಿನ ಒಂದು ಲೋಟ ಕಾಫಿ. ಹೆಚ್ಚೆಂದರೆ ಒಂದೂವರೆ.

ಆಪರೇಷನ್ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ನಾನು ನಿದ್ದೆಯಲ್ಲಿದ್ದೆ. ಎದ್ದ ಮೇಲೆ ಆಶ್ಚರ್ಯ ಆಗಿದ್ದು ಒಂದೇ: ಕುಯ್ದದ್ದು ಹೊಟ್ಟೆ, ನೋಯುತ್ತಿದ್ದುದು ಭುಜ. ಒಳಗೆ ಜಾಗ ಮಾಡಿಕೊಳ್ಳಲು ಗ್ಯಾಸ್ ತುಂಬಿರುತ್ತಾರಂತೆ, ಆಮೇಲೆ ಅದು ಭುಜದಲ್ಲಿ ನೋವಾಗಿ ತೋರುತ್ತದಂತೆ. "ನಡೀರಿ, ನಡೀರಿ" ಅಂತ ನರ್ಸ್ ಕಾರಿಡಾರಿನಲ್ಲಿ ನಡೆಸಿದಳು. ಟಗರು ಗೆಲ್ಲದವನು ಸಲೈನ್ ಸ್ಟ್ಯಾಂಡ್ ಹಿಡಿದುಕೊಂಡು ಮೆರವಣಿಗೆ ಹೊರಟೆ.

ಅಸಲು ಕಥೆ ಮೈಸೂರಿನ ಮನೆಗೆ ಬಂದ ಮೇಲೆ ಶುರುವಾಯ್ತು. ಮೊದಲ ಎರಡು ವಾರ ಬರೀ ಕುಡಿಯುವ ಪದಾರ್ಥ. ತಿಳಿಮಜ್ಜಿಗೆ, ಎಳನೀರು, ಸೋಸಿದ ಬೇಳೆ ಕಟ್ಟು, ಪ್ರೋಟೀನ್ ಪುಡಿ ಕದಡಿದ ಹಾಲು. ಅದೂ ಲೋಟ ಎತ್ತಿ ಗಟಗಟ ಕುಡಿಯುವ ಹಾಗಿಲ್ಲ. ಕಾಲು ಗಂಟೆಗೆ ಮೂವತ್ತು ಎಂಎಲ್, ಅದನ್ನೂ ಗುಟುಕು ಗುಟುಕಾಗಿ. ಆಸ್ಪತ್ರೆಯವರು ಅಳತೆಗೆ ಪ್ಲಾಸ್ಟಿಕ್ಕಿನ ಪುಟ್ಟ ಕಪ್ ಕೊಟ್ಟಿದ್ದರು, ಕೆಮ್ಮಿನ ಔಷಧಿಯ ಮುಚ್ಚಳದ ಥರದ್ದು. ಅವ್ವನಿಗೆ ಅದು ಕಣ್ಣಿಗೆ ಆಗಲಿಲ್ಲ. ಊರಿಗೆ ಹೋಗಿ, ಟ್ರಂಕಿನ ತಳದಿಂದ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬೆಳ್ಳಿ ಒಳಲೆ ತಂದಳು. ಕಪ್ಪಾಗಿತ್ತು. ಹುಣಸೆಹಣ್ಣು ಹಾಕಿ ಉಜ್ಜಿದಳು.

"ನಿಂಗೆ ಇದ್ರಲ್ಲೇ ಕಣ್ಲಾ ಹಾಲು ಹಾಕ್ತಿದ್ದುದು. ಆಗ ಬಾಯೇ ಬಿಡ್ತಿರ್ಲಿಲ್ಲ ನೀನು."

ಹಾಗೆ ನಲವತ್ತಾರು ವರ್ಷದ ನಾನು, ಮೀಸೆ ಕನ್ನಡಕ ಸಮೇತ, ಸೋಫಾದಲ್ಲಿ ಒರಗಿ ಒಳಲೆಯಲ್ಲಿ ಬೇಳೆ ಕಟ್ಟು ಕುಡಿದೆ. ಮಗಳು ಫೋಟೋ ತೆಗೆದಳು. ಆ ಫೋಟೋ ಈಗ ನೆಂಟರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ.

ಮೂರನೇ ವಾರ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದ ಊಟ ಬಂತು. ಐದನೇ ವಾರ ಮೆತ್ತಗಿನ ಊಟ. ಮಕ್ಕಳಿಗೆ ಒಂದೂವರೆ ವರ್ಷದಲ್ಲಿ ಆಗುವುದೆಲ್ಲ ನನಗೆ ಎರಡು ತಿಂಗಳಲ್ಲಿ ಆಯ್ತು. ಮೊದಲ ಸಲ ಬೇಯಿಸಿದ ಮೊಟ್ಟೆ ಕಿವುಚಿ ಕೊಟ್ಟ ದಿನ ಎಂಥ ಹಬ್ಬ ಅಂತೀರಿ! ಅರ್ಧ ಮೊಟ್ಟೆಗೆ ಹೊಟ್ಟೆ ತುಂಬಿಹೋಯ್ತು. ಮಿಕ್ಕರ್ಧವನ್ನು ನೋಡುತ್ತಾ ಕೂತೆ. ಮಿಕ್ಕಿದ್ದನ್ನು ಸುಮ್ನೆ ನೋಡಿಕೊಂಡು ಕೂರುವುದು ನನ್ನ ಜೀವನದಲ್ಲೇ ಅದು ಮೊದಲು.

ಒಂದು ವಿಚಿತ್ರ ಹೇಳಬೇಕು. ಆ ತಿಂಗಳುಗಳಲ್ಲಿ ನನಗೆ ಹಸಿವೇ ಆಗುತ್ತಿರಲಿಲ್ಲ. ಹೊಟ್ಟೆಯೊಳಗೆ ಗ್ರೆಲಿನ್ ಅಂತ ಒಂದು ಹಾರ್ಮೋನು ಹುಟ್ಟುತ್ತದೆ, 'ಹಸಿವಾಗಿದೆ' ಅಂತ ಮೆದುಳಿಗೆ ಚಾಡಿ ಹೇಳುವುದು ಅದರ ಕೆಲಸ. ಜಪಾನಿನ ವಿಜ್ಞಾನಿಗಳು ಅದನ್ನು ಕಂಡುಹಿಡಿದದ್ದು 1999ರಲ್ಲಿ. ಅದು ಜಾಸ್ತಿ ತಯಾರಾಗುವ ಭಾಗವನ್ನೇ ನನಗೆ ಕತ್ತರಿಸಿ ತೆಗೆದಿದ್ದರು. ಚಾಡಿಕೋರ ಊರು ಬಿಟ್ಟ ಹಾಗಾಯ್ತು. ಆದರೆ ಪಕ್ಕದ ಮನೆಯಲ್ಲಿ ಈರುಳ್ಳಿ ಒಗ್ಗರಣೆ ಬಿದ್ದರೆ ನನ್ನ ಕುತ್ತಿಗೆ ತಾನಾಗಿ ಆ ಕಡೆ ತಿರುಗುತ್ತಿತ್ತು. ಇದು ಹಸಿವಲ್ಲ, ಬಾಯಿ ಚಪಲ. ಎರಡೂ ಬೇರೆ ಅಂತ ನಮ್ಮ ಅಜ್ಜಿಯರಿಗೆ ಗೊತ್ತಿತ್ತು, ಅದಕ್ಕೇ ಬೇರೆ ಬೇರೆ ಹೆಸರು ಇಟ್ಟಿದ್ದಾರೆ. ನನಗೆ ಮಾತ್ರ ಇವೆರಡೂ ಬೇರೆ ಅಂತ ಗೊತ್ತಾಗಲು ಲಕ್ಷಗಟ್ಟಲೆ ಖರ್ಚಾಯ್ತು.

ಹಸಿವಿಲ್ಲದಿದ್ದರೂ ತಿನ್ನಲೇಬೇಕು, ಅದೂ ದಿನಕ್ಕೆ ಐದಾರು ಸಲ. ದಿನಕ್ಕೆ ಅರವತ್ತು ಗ್ರಾಂ ಪ್ರೋಟೀನ್ ಅಂತ ಲೆಕ್ಕ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಇದ್ದರೆ ಹೆಚ್ಚು. ಬಾಳೆಹಣ್ಣಿನಷ್ಟು ಜಾಗದಲ್ಲಿ ಹತ್ತು ಮೊಟ್ಟೆಯ ಸರಕು ಹೇಗೆ ತುಂಬುವುದು? ಆದ್ದರಿಂದ ಸ್ವಲ್ಪ ಸ್ವಲ್ಪ, ಪದೇ ಪದೇ. ಮೊದಲು ಬೇಳೆ, ಮೊಟ್ಟೆ, ಪನೀರು. ಆಮೇಲೆ ತರಕಾರಿ. ಜಾಗ ಉಳಿದರೆ ಅನ್ನ. ಉಳಿಯುವುದಿಲ್ಲ. ಅವ್ವನ ಬಾಯಲ್ಲಿ ಒಂದು ಗಾದೆ ಯಾವಾಗಲೂ ಇರುತ್ತಿತ್ತು: ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ, ನಾಲ್ಕು ಹೊತ್ತು ಉಂಡವನ ಹೊತ್ಕೊಂಡು ಹೋಗಿ. ಆರು ಹೊತ್ತು ಉಣ್ಣುವವನಿಗೆ ಗಾದೆ ಕಟ್ಟಿದವರು ಜಾಗವನ್ನೇ ಇಟ್ಟಿಲ್ಲ. ಅವ್ವ ಈಗ ಆ ಗಾದೆ ಹೇಳುವುದನ್ನು ಬಿಟ್ಟಿದ್ದಾಳೆ.

ಆರನೇ ವಾರದಲ್ಲಿ ನನ್ನ ಹಳೇ ಚಾಳಿ ಒಮ್ಮೆ ಹೊರಗೆ ಬಂತು. ಇಡ್ಲಿ ತಿನ್ನುತ್ತಿದ್ದೆ. ಆಫೀಸಿನಿಂದ ಫೋನ್ ಬಂತು. ಮಾತಾಡುತ್ತಾ ಎರಡು ತುತ್ತು ಹಾಗೇ ನುಂಗಿಬಿಟ್ಟೆ. ಇಡ್ಲಿಯಂಥ ಇಡ್ಲಿ, ಎದೆಯ ಮಧ್ಯೆ ಇಟ್ಟಿಗೆಯ ಹಾಗೆ ಕೂತಿತು. ಮೇಲೂ ಬರದು, ಕೆಳಗೂ ಇಳಿಯದು. ಬಾಯಲ್ಲಿ ನೊರೆ ನೊರೆ ಜೊಲ್ಲು. ಬಿಕ್ಕಳಿಕೆ ಬೇರೆ ಶುರು. ಬಿಕ್ಕಳಿಸುವವನಿಗೆ ನೀರು ಕೊಡದ ಕನ್ನಡದ ಮನೆ ಉಂಟೇ? ಅವ್ವ ಚೊಂಬು ಹಿಡಿದು ಓಡಿ ಬಂದಳು. "ನೀರು ಕುಡಿ ಮಗ, ಯಾರೋ ನೆನೆಸ್ಕೊತಾವ್ರೆ." ಹೆಂಡತಿ ಅಡ್ಡ ನಿಂತಳು. "ಬೇಡ ಅತ್ತೆ, ನೀರು ಹಾಕಿದ್ರೆ ಇನ್ನೂ ಜಾಸ್ತಿ ಆಗುತ್ತೆ." ಇಬ್ಬರ ನಡುವೆ ನಾನು ಎದೆ ಹಿಡಿದುಕೊಂಡು ವರಾಂಡದಲ್ಲಿ ಮುಕ್ಕಾಲು ಗಂಟೆ ಶತಪಥ ಹಾಕಿದೆ. ಕೊನೆಗೆ ಇಡ್ಲಿಯೇ ಸೋತು ಹೊರಗೆ ಬಂತು.

ಅವತ್ತಿನಿಂದ ನಿಜವಾಗಿ ಅಗಿಯಲು ಕಲಿತೆ. ತುತ್ತಿಗೆ ಮಗಳ ಹಾಲಿನ ಪುಡಿ ಡಬ್ಬದ ಹಳೇ ಚಮಚ. ಒಂದು ತುತ್ತು ಬಾಯಿಗೆ ಹಾಕಿ ಚಮಚ ಕೆಳಗಿಡಬೇಕು. ಈ ಚಮಚ ಕೆಳಗಿಡುವುದೇ ಎಲ್ಲಕ್ಕಿಂತ ಕಷ್ಟ. ಬಾಯಲ್ಲಿ ಒಂದು ಇರುವಾಗಲೇ ಕೈಯಲ್ಲಿ ಮುಂದಿನದನ್ನು ಸಿದ್ಧ ಮಾಡಿಕೊಳ್ಳುವ ನಲವತ್ತು ವರ್ಷದ ಅಭ್ಯಾಸವನ್ನು ಯಾವ ಸರ್ಜನ್ನೂ ಕತ್ತರಿಸುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ನೀರು ನಿಲ್ಲಿಸಬೇಕು, ಆದ ಮೇಲೂ ಅರ್ಧ ಗಂಟೆ ಮುಟ್ಟಬಾರದು. ಊಟ ಅಂತ ಕೂತರೆ ಅರ್ಧ ಗಂಟೆ. ನಡುವೆ ಬದುಕುವುದಕ್ಕೆ ಸಿಗುವ ಹೊತ್ತು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಅಗಿಯುತ್ತಾ ಹೋದಂತೆ ಕೆಲವು ವಿಷಯ ಗೊತ್ತಾದವು. ರಾಗಿಗೆ ರುಚಿ ಇದೆ. ಅಷ್ಟು ವರ್ಷ ಸಾರಿಗೆ ಮಾತ್ರ ರುಚಿ, ಮುದ್ದೆ ಬರೀ ಗಾಡಿ ಅಂದುಕೊಂಡಿದ್ದೆ. ಅಗಿದರೆ ಮಣ್ಣಿನ ಥರದ್ದೊಂದು ಘಮ, ಕೊನೆಗೆ ಸಣ್ಣಗೆ ಸಿಹಿ. ಹಲ್ಲಿಗೆ ಅಂಟುತ್ತದೆ, ಅದು ನಿಜ. ಹಳೇ ಕಾಲದವರು ನುಂಗಿದ್ದು ಅದಕ್ಕೇ ಇರಬೇಕು. ಬಸ್ಸಾರಿನಲ್ಲಿ ಅವ್ವ ಕೊಬ್ಬರಿ ಹಾಕುತ್ತಾಳೆ ಅಂತಲೂ ಆಗಲೇ ಗೊತ್ತಾದದ್ದು. ಹೇಳಿದರೆ, "ನಿಮ್ಮಪ್ಪನ ಕಾಲದಿಂದ ಹಾಕ್ತಾವ್ನಿ" ಅಂದಳು.

ನನ್ನ ಮೂಗು ಕೂಡ ಒಂದು ಹೊಸ ಉದ್ಯೋಗ ಹಿಡಿದಿದೆ. ಹೊಟ್ಟೆ ತುಂಬುವ ಒಂದು ತುತ್ತು ಮೊದಲು ಸಣ್ಣಗೆ ಸೋರಲು ಶುರು ಮಾಡುತ್ತದೆ. ಖಾರಕ್ಕಲ್ಲ, ಮೊಸರನ್ನದಲ್ಲೂ ಸೋರುತ್ತದೆ. ಆಪರೇಷನ್ ಆದ ತುಂಬ ಜನಕ್ಕೆ ಹೀಗೇ ಏನೋ ಒಂದು ಗಂಟೆ ಬಾರಿಸುತ್ತದಂತೆ, ಕೆಲವರಿಗೆ ಸೀನು, ಕೆಲವರಿಗೆ ಬಿಕ್ಕಳಿಕೆ. ಈಗ ಹೆಂಡತಿ ನನ್ನ ತಟ್ಟೆ ನೋಡುವುದಿಲ್ಲ, ಮೂಗು ನೋಡುತ್ತಾಳೆ. "ರೀ, ಬಂತು" ಅನ್ನುತ್ತಾಳೆ. ನಾನು ಕೈ ತೊಳೆಯಲು ಏಳುತ್ತೇನೆ.

ನಾಲ್ಕನೇ ತಿಂಗಳು ಕೂದಲು ಉದುರಿತು, ಆಮೇಲೆ ವಾಪಸ್ ಬಂತು. ಬಿ12, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಜೀವ ಇರುವ ತನಕ. ಶುಗರ್ ಮಾತ್ರೆ ಸದ್ಯಕ್ಕೆ ನಿಲ್ಲಿಸಿದ್ದಾರೆ. ಗೊರಕೆ ನಿಂತಿದೆ. ಈಗ ನಿಶ್ಶಬ್ದಕ್ಕೆ ಎಚ್ಚರ ಆಗುತ್ತದೆ ಅಂತ ಹೆಂಡತಿಯ ದೂರು. ಎಂಟು ತಿಂಗಳಲ್ಲಿ 34 ಕೆಜಿ ಇಳಿಯಿತು. ಮೊದಲು "ಏನ್ ಸಾರ್, ಸ್ವಲ್ಪ ದಪ್ಪ ಆದ್ರಿ" ಅನ್ನುತ್ತಿದ್ದವರು ಈಗ ದನಿ ತಗ್ಗಿಸಿ, "ಶುಗರ್ ಜಾಸ್ತಿ ಆಗಿದ್ಯಾ?" ಅಂತ ಕೇಳುತ್ತಾರೆ. ಹೋಟೆಲಿನಲ್ಲಿ ಬೈ ಟು ಕಾಫಿ ಹೇಳುವುದು ನಮ್ಮೂರುಗಳಲ್ಲಿ ಮಾಮೂಲು. ನಾನು ಬೈ ಟು ಇಡ್ಲಿ ಕೇಳಿದಾಗ ಮಾತ್ರ ಸಪ್ಲೈಯರು ಒಂದು ಹೆಜ್ಜೆ ಹಿಂದೆ ಸರಿದು ನನ್ನ ಮುಖ ನೋಡಿದ. ತೂಕಕ್ಕೂ ಆರ್ಡರಿಗೂ ತಾಳೆಯಾಗಲಿಲ್ಲ ಅಂತ ಕಾಣುತ್ತದೆ.

ಇಷ್ಟೆಲ್ಲ ದಾಟಿದವನಿಗೂ ಹೆದರಿಕೆ ಇದ್ದದ್ದು ಬೀಗರ ಊಟಕ್ಕೆ. ಸೋದರಮಾವನ ಮೊಮ್ಮಗಳ ಮದುವೆ, ಮದ್ದೂರು ರಸ್ತೆಯ ಒಂದು ಛತ್ರ. ಹೋಗದಿದ್ದರೆ ಜಗಳ. ಹೋಗಿ ಉಣ್ಣದಿದ್ದರೆ ಅದಕ್ಕಿಂತ ದೊಡ್ಡ ಜಗಳ. ನಮ್ಮಲ್ಲಿ 'ಸಾಕು' ಅಂದರೆ 'ಇನ್ನೊಂಚೂರು ಹಾಕಿ' ಅಂತ ಅರ್ಥ. ಎಲೆ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಸಾರು ಬಿಡುವ ನಿಪುಣರಿದ್ದಾರೆ.

ಕೂತೆ. ಎಲೆ ತುಂಬ ಬೋಟಿ ಗೊಜ್ಜು, ಕೈಮಾ ಉಂಡೆ, ಚಿಕನ್, ಮೊಟ್ಟೆ. ಬಡಿಸುವವನು ತೆಂಗಿನಕಾಯಿ ಗಾತ್ರದ ಮುದ್ದೆ ಇಡಲು ಬಂದ. ನಿಂಬೆಹಣ್ಣಿನಷ್ಟು ಮುರಿದು ಇಡು ಅಂತ ಬೇಡಿಕೊಂಡೆ. ಅವನು ಮುರಿಯಲಿಲ್ಲ. ಇಡೀ ಮುದ್ದೆ ಇಟ್ಟು, "ಮಿಕ್ಕಿದ್ದು ಬಿಡಣ್ಣ" ಅಂತ ಮುಂದೆ ಹೋದ. ಮಾವ ಬಂದು ಬೆನ್ನು ತಟ್ಟಿ, "ಅಳಿಮಯ್ಯ ಹಿಂದೆ ಬಿಂದಿಗೆ ಗೆದ್ದಿದ್ದ" ಅಂತ ಇಡೀ ಸಾಲಿಗೆ ಕೇಳುವ ಹಾಗೆ ಹೇಳಿ ಹೋದ.

ನಾನು ಶುರು ಮಾಡಿದೆ. ಗೋಲಿಯಷ್ಟು ಮುದ್ದೆ, ಸಾರು, ಮೂವತ್ತು ಸಲ. ಒಂದು ಚೂರು ಕೈಮಾ, ಮೂವತ್ತು ಸಲ. ಎಡಗಡೆಯವರು ಮೂರು ಮುದ್ದೆ ಮುಗಿಸಿ, ಅನ್ನ ಕಲಸಿ, ಬಾಳೆಹಣ್ಣು ಸುಲಿಯುತ್ತಿದ್ದರು. ನನ್ನದು ಇನ್ನೂ ಆರನೇ ತುತ್ತು. ಅವರೆಲ್ಲ ಎದ್ದರು. ಎದುರಿನ ಸಾಲೂ ಎದ್ದಿತು. ಎಲೆ ಎತ್ತುವವರು ಟೇಬಲ್ಲಿನ ಆ ತುದಿಯಿಂದ ಕಾಗದ ಸುತ್ತಿಕೊಂಡು ಬರುತ್ತಾ ನನ್ನ ಹತ್ತಿರ ನಿಂತರು.

ನಮ್ಮ ಛತ್ರಗಳಲ್ಲಿ ಕೂತು ಉಣ್ಣುವವರ ಬೆನ್ನ ಹಿಂದೆ ಮುಂದಿನ ಪಂಕ್ತಿಯವರು ಆಗಲೇ ಕುರ್ಚಿ ಹಿಡಿದು ನಿಂತಿರುತ್ತಾರಲ್ಲ. ನನ್ನ ಕುರ್ಚಿಯ ಮೇಲೂ ಎರಡು ಕೈ ಇದ್ದವು. ಅವು ಬಹಳ ಹೊತ್ತಿನಿಂದ ಇದ್ದವು. ನಾನು ಹದಿನೆಂಟು, ಹತ್ತೊಂಬತ್ತು ಅಂತ ಎಣಿಸುತ್ತಿರುವಾಗ ಆ ಕೈಗಳು ಕುರ್ಚಿಯಿಂದ ಎದ್ದವು. ಹಿಂದಿನಿಂದ ಗಂಡಸಿನ ದನಿ ಕೇಳಿತು.

"ಬಾರಮ್ಮಿ ಆ ಕಡೀಕೆ ಹೋಗವ. ಈವಯ್ಯ ಏಳೋ ಹಂಗೆ ಕಾಣಲ್ಲ. ಎಲ್ಲಾರೂ ಎದ್ದೋದ್ರು, ಇವನು ಇನ್ನೂ ಉಣ್ತಾನೇ ಅವ್ನೆ."