ಪ್ಲಗ್ ಹಾಕಿದರಷ್ಟೇ ಸಾಲದು

ಎಲೆಕ್ಟ್ರಿಕ್ ಕಾರನ್ನು ಚಾರ್ಜ್ ಮಾಡಲು 5 ಕೆವಿಎ ಜನರೇಟರ್ ಇದ್ದರೆ ಸಾಕು, ಪ್ಲಗ್ ಹಾಕಿದರೆ ಆಯಿತು ಎಂದು ಹೇಳುವುದುಂಟು. ಅಷ್ಟು ಸುಲಭವಲ್ಲ. ಹೆಚ್ಚಿನವರು ಸಿಕ್ಕಿಬೀಳುವುದು ಅರ್ತಿಂಗ್‌ನಲ್ಲೇ. ಸಣ್ಣ ಪೋರ್ಟಬಲ್ ಜನರೇಟರ್‌ಗಳಲ್ಲಿ ನ್ಯೂಟ್ರಲ್‌ಗೂ (ಕರೆಂಟ್ ಹಿಂತಿರುಗುವ ತಂತಿ) ಅರ್ತ್‌ಗೂ (ಸುರಕ್ಷತೆಯ ತಂತಿ) ಸಾಮಾನ್ಯವಾಗಿ ಸಂಪರ್ಕ ಇರುವುದಿಲ್ಲ. ಕಾರಿನ ಚಾರ್ಜರ್ ಅದನ್ನು ಪರೀಕ್ಷಿಸಿ, ಕೆಂಪು ದೀಪ ಹೊತ್ತಿಸಿ ಸುಮ್ಮನಾಗುತ್ತದೆ. ಮಲ್ಟಿಮೀಟರ್ ಹಿಡಿದು ನೋಡಿ: ಫೇಸ್-ನ್ಯೂಟ್ರಲ್ ನಡುವೆ 230 ವೋಲ್ಟ್ ಇದ್ದರೂ ಫೇಸ್-ಅರ್ತ್ ನಡುವೆ ಅದರ ಅರ್ಧದಷ್ಟೇ ತೋರಿಸಿದರೆ ಕಾರಣ ಇದೇ. ಜನರೇಟರ್ ಒಂಟಿಯಾಗಿ ಓಡುವಾಗ ನ್ಯೂಟ್ರಲ್, ಅರ್ತ್ ಎರಡನ್ನೂ ಒಂದು ಕಡೆ ಮಾತ್ರ ಜೋಡಿಸಬೇಕು. ಮನೆಯ ಚೇಂಜ್‌ಓವರ್ (ಮೇನ್‌ನಿಂದ ಜನರೇಟರ್‌ಗೆ ಬದಲಿಸುವ ಸ್ವಿಚ್) ಮೂಲಕ ಕೊಡುವುದಾದರೆ ಆ ಜೋಡಣೆ ಮನೆಯಲ್ಲಿ ಆಗಲೇ ಇದೆಯೇ ಎಂದು ನೋಡಿ. ಎರಡು ಕಡೆ ಆದರೆ ಅರ್ತ್ ತಂತಿಯಲ್ಲೂ ಕರೆಂಟ್ ಹರಿದು ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳುತ್ತದೆ. ಇದು ಎಲೆಕ್ಟ್ರಿಷಿಯನ್ ಕೆಲಸ.

ಇನ್ನು ಲೋಡ್. 0.8 ಪವರ್ ಫ್ಯಾಕ್ಟರ್‌ನ (ಕೆವಿಎಯಲ್ಲಿ ನಿಜಕ್ಕೂ ಬಳಕೆಗೆ ಸಿಗುವ ಪಾಲು) 5 ಕೆವಿಎ ಎಂದರೆ 4 ಕಿಲೋವ್ಯಾಟ್. ಗಂಟೆಗಟ್ಟಲೆ ಓಡಿಸಲು 3 ಕಿಲೋವ್ಯಾಟ್‌ಗೆ ನಿಲ್ಲಿಸುವುದು ಲೇಸು. ಹಾಗಾಗಿ ಚಾರ್ಜರನ್ನು 16ರ ಬದಲು 10 ಆಂಪಿಯರ್‌ಗೆ ಇಳಿಸಿ, ಅಂದರೆ 2.3 ಕಿಲೋವ್ಯಾಟ್. ವೋಲ್ಟೇಜ್, ಫ್ರೀಕ್ವೆನ್ಸಿ ತೂಗಾಡುವ ಹಳೆಯ ಯಂತ್ರವಾದರೆ ಕಾರು ನಡುವೆಯೇ ಚಾರ್ಜಿಂಗ್ ಕೈಬಿಡುತ್ತದೆ. ಅವೆರಡನ್ನೂ ಸ್ಥಿರವಾಗಿಡುವ ಇನ್ವರ್ಟರ್ ಮಾದರಿಯ ಜನರೇಟರೇ ವಾಸಿ.

ಮೊದಲು ಎಂಜಿನ್ ಸ್ಥಿರವಾಗಲಿ, ಆಮೇಲೆ ಪ್ಲಗ್. ನಿಲ್ಲಿಸುವಾಗ ಮೊದಲು ಚಾರ್ಜಿಂಗ್, ನಂತರ ಎಂಜಿನ್. ಸುರುಳಿ ಸುತ್ತಿದ ವೈರ್ ಬಿಸಿಯಾಗುತ್ತದೆ, ಪೂರ್ತಿ ಬಿಚ್ಚಿ ಹಾಸಿ. ಜನರೇಟರ್ ಬಯಲಲ್ಲೇ ಇರಲಿ, ಗ್ಯಾರೇಜ್ ಬಾಗಿಲು ತೆರೆದಿದ್ದರೂ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯಬಲ್ಲದು.

ಲೀಟರ್ ಪೆಟ್ರೋಲಿಗೆ ಸುಮಾರು 2 ಯೂನಿಟ್, ಅಂದರೆ 12 ಕಿಲೋಮೀಟರ್ ಆಸುಪಾಸು. ತುರ್ತಿಗೆ ಸರಿ, ದಿನಬಳಕೆಗೆ ದಂಡ.